ಕೆಳಗಿನ ಮನೆಯವರಿಗೆ ಒಂದು ಸಿಡಿ

ಕೆಳಗಿನ ಮನೆಯ ಶಾಮಲಮ್ಮ ಮತ್ತೆ ಸಿಡಿ ಕೇಳಿದರು. ಈ ಸಲ ಕೇಳಿದ್ದು ನೀರಿನ ಸಂಪಿನ ಹತ್ತಿರ. ಕೃಷ್ಣಮ್ಮನ ಎರಡೂ ಕೈಯಲ್ಲಿ ತುಂಬಿದ ಬಿಂದಿಗೆಗಳಿದ್ದವು, ತಪ್ಪಿಸಿಕೊಂಡು ಹೋಗಲು ದಾರಿಯೇ ಇರಲಿಲ್ಲ.

"ಮಗನ ಮದುವೆ ಮಾಡ್ಕೊಂಡು ಬಂದ್ರಿ. ನಮ್ಮನ್ನ ಕರೀಲಿಲ್ಲ, ಹೋಗ್ಲಿ ಬಿಡಿ. ಸಿಡೀಲಾದ್ರೂ ಸೊಸೆ ಮುಖ ತೋರಿಸಬಾರ್ದಾ?"

"ಇನ್ನೂ ಮಿಕ್ಸಿಂಗ್ ಆಗಿಲ್ಲಮ್ಮ."

"ಕಂಪ್ಯೂಟರ್ ಮನೇಲೇ ಇದೆ. ಮಗಳು ಕಲಿತಿದಾಳೆ. ಇಷ್ಟು ದಿನ ಬೇಕಾ ಅದಕ್ಕೆ?"

ಕೃಷ್ಣಮ್ಮ ನಕ್ಕ ಹಾಗೆ ಮಾಡಿ ಮೆಟ್ಟಿಲು ಹತ್ತಿದಳು. ಅರ್ಧ ಬಿಂದಿಗೆ ನೀರು ಮೆಟ್ಟಿಲ ಮೇಲೇ ಚೆಲ್ಲಿತು. ಊಟಕ್ಕೆ ಕೂತಾಗ ವಿಷಯ ಗಂಡನ ಕಿವಿಗೆ ಹಾಕಿದಳು. ಸುರೇಶ ಮುದ್ದೆ ಮುರಿದು ಉಪ್ಪುಸಾರಿಗೆ ಅದ್ದಿದವನು ಹಾಗೇ ಬಿಟ್ಟ. ಮಗಳು ಶ್ರೀವಾಣಿ ಅಪ್ಪನ ಕೈಯನ್ನೇ ನೋಡಿದಳು. ಮನೆಯಲ್ಲಿ ಯಾವುದೇ ತಾಪತ್ರಯ ಬಂದರೂ ಮೊದಲು ನಿಲ್ಲುವುದು ಆ ಕೈ.

ಕೋಲಾರದ ಹೊಸ ಬಡಾವಣೆಯ ಈ ಮಹಡಿ ಮನೆ ಸಿಗುವ ಮೊದಲು ಸುರೇಶ ಹತ್ತಿ ಇಳಿದ ಮೆಟ್ಟಿಲುಗಳಿಗೆ ಲೆಕ್ಕವಿಲ್ಲ. ಸರ್ಕಾರಿ ಕಚೇರಿಯ ಗುಮಾಸ್ತ, ತಿಂಗಳಾದರೆ ಸಂಬಳ ಎಂದರೆ ಎಲ್ಲರೂ ಮೊದಲು ಕುರ್ಚಿ ಎಳೆದು ಕೊಡುತ್ತಿದ್ದರು. ಆಮೇಲೆ ಊರು ಯಾವುದು ಎನ್ನುತ್ತಿದ್ದರು. ಊರಿನಲ್ಲಿ ಮನೆ ಯಾವ ಕಡೆ ಎನ್ನುತ್ತಿದ್ದರು. ಅದಾದ ಮೇಲೆ ಬಾಯಿ ಕೇಳುತ್ತಿರಲಿಲ್ಲ, ಕಣ್ಣು ಕೇಳುತ್ತಿತ್ತು. ಮಾರನೆಯ ದಿನ ನೆಂಟರಿಗೆ ಕೊಟ್ಟುಬಿಟ್ಟೆವು ಎಂಬ ಮಾತು ಬರುತ್ತಿತ್ತು. ಬಾಡಿಗೆಗಿದೆ ಎಂಬ ಬೋರ್ಡು ಮಾತ್ರ ಗೇಟಿನಲ್ಲಿ ತಿಂಗಳುಗಟ್ಟಲೆ ಹಾಗೇ ತೂಗುತ್ತಿತ್ತು. ಈ ಮನೆಯ ಮಾಲೀಕರು, ಶಾಮಲಮ್ಮನ ಗಂಡ ಸುಬ್ಬರಾಯಪ್ಪನವರು ಕೇಳಿದಾಗ ಸುರೇಶ, ಬೈರಕೂರು ಕಡೆ ಸಾರ್, ಜಮೀನಿದೆ ಎಂದಿದ್ದ. ಓ, ಹಾಗಾದ್ರೆ ನಮ್ಮೋರೇ ಅನ್ನಿ ಎಂದರು ಅವರು. ಸುರೇಶ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕೆಮ್ಮಿದ. ಆ ಒಂದು ಕೆಮ್ಮಿನ ಮೇಲೆ ಇವರ ಸಂಸಾರ ನಿಂತಿತ್ತು. ಇಲ್ಲಿಂದ ಶ್ರೀವಾಣಿಯ ಕಾಲೇಜು ನಡೆದು ಹೋಗುವಷ್ಟು ಹತ್ತಿರ. ದಿನ ಬಿಟ್ಟು ದಿನ ನೀರು. ಯುಗಾದಿಗೆ ಕೃಷ್ಣಮ್ಮ ಮಾಡಿದ ಒಬ್ಬಟ್ಟನ್ನು ಶಾಮಲಮ್ಮ ಬಾಯ್ತುಂಬ ತಿಂದು, ಇನ್ನೊಂದು ಹಾಕಿಸಿಕೊಂಡಿದ್ದರು.

ಅದೇ ಶಾಮಲಮ್ಮನ ಮನೆಯ ಟಿ.ವಿ.ಯಲ್ಲಿ ಈಗ ಸುರೇಶನ ಮಗನ ಮದುವೆ ನಡೆಯಬೇಕಿತ್ತು.

ಮಾಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮುಕುಂದನ ಮದುವೆ ಆಗಿದ್ದು ಊರಿನಲ್ಲಿ, ತಾತ ಮುನಿಯಲ್ಲಪ್ಪನ ಮನೆ ಮುಂದಿನ ಚಪ್ಪರದಲ್ಲಿ. ಮದುವೆ ಮುಗಿಸಿ ಗಂಡ ಹೆಂಡತಿ ಮಾಲೂರಿಗೆ ಹೋದರು. ಮುಳಬಾಗಿಲಿನ ವಿಡಿಯೋದವನು ಹಿಡಿದದ್ದನ್ನು ಹಿಡಿದ ಹಾಗೇ ಸಿಡಿಗಳಿಗೆ ತುಂಬಿಸಿ ಕೊಟ್ಟ. ಮಿಕ್ಸಿಂಗಿಗೆ ಬೇರೆ ದುಡ್ಡು ಎಂದದ್ದಕ್ಕೆ, ಮನೇಲೇ ಮಾಡ್ಕೋತೀವಿ ಎಂದು ಸುರೇಶನೇ ಜಂಬವಾಗಿ ಹೇಳಿ ಬಂದಿದ್ದ. ಆ ಸಿಡಿಗಳಲ್ಲಿ ಮೊದಲಿನಿಂದ ಕೊನೆಯವರೆಗೆ ಮುನಿಯಲ್ಲಪ್ಪನೇ. ಬಿಳಿ ಅಂಗಿ, ಕೆಂಪಂಚಿನ ರುಮಾಲು, ಹೆಗಲಿಂದ ಇಳಿಬಿಟ್ಟ ತಮಟೆ. ಹುಲ್ಲಿನ ಬೆಂಕಿಗೆ ಹಿಡಿದು ಚರ್ಮ ಬಿಗಿಮಾಡಿಕೊಂಡು ಅವನು ಕಡ್ಡಿ ಇಟ್ಟನೆಂದರೆ ಇಡೀ ಕೇರಿ ಹಿಂದೆ ಕುಣಿದಿತ್ತು. ಹೆಣ್ಣಿನವರ ಟೆಂಪೋ ಬಂದಾಗ ತಮಟೆ, ದೇವರು ತರುವಾಗ ತಮಟೆ, ತಾಳಿ ಕಟ್ಟುವಾಗಲೂ ತಮಟೆ.

ಸುರೇಶ ಕೈ ತೊಳೆದು ಬಂದು ಮಗಳಿಗೆ ಹೇಳಿದ, "ನಿಮ್ಮ ತಾತ ಕಾಣಿಸ್ಬಾರ್ದು. ಸದ್ದೂ ಕೇಳಿಸ್ಬಾರ್ದು. ಮಿಕ್ಕಿದ್ದೆಲ್ಲ ಇರ್ಲಿ."

"ಅದು ಹೇಗಾಗುತ್ತಪ್ಪಾ?"

"ಕಂಪ್ಯೂಟರಲ್ಲಿ ಆಗ್ದೇ ಇರೋದು ಏನಿದೆ? ಅದಕ್ಕೂ ಒಂದು ಸಾಫ್ಟ್‌ವೇರ್ ಇದ್ದೇ ಇರುತ್ತೆ. ನೋಡು."

ಜನರನ್ನು ಜನರು ಅಳಿಸುವ ಕೆಲಸಕ್ಕೆ ಹಿಂದೆ ಗೋಡೆ, ಬಾವಿ, ಬೇಲಿ ಬೇಕಾಗುತ್ತಿದ್ದವು. ಈಗ ಮಗಳ ಓದಿಗೆಂದು ಕಂತಿನಲ್ಲಿ ತಂದ ಕಂಪ್ಯೂಟರಿನಲ್ಲಿ ಮಗನೇ ಅಪ್ಪನನ್ನು ಅಳಿಸಲು ಕೂತ.

ಕಂಪ್ಯೂಟರಿನ ಜೊತೆಗೇ ಬಂದಿದ್ದ ಸಾಫ್ಟ್‌ವೇರನ್ನು ಶ್ರೀವಾಣಿ ಮೊದಲು ತೆರೆದಳು. ಅದು ಪಾಪದ್ದು. ಇಲ್ಲಿ ಕತ್ತರಿಸು, ಅಲ್ಲಿ ಅಂಟಿಸು, ಇಷ್ಟೇ ಅದರ ವಿದ್ಯೆ. ತಾತ ಕಂಡಲ್ಲೆಲ್ಲ ಅವಳು ಕತ್ತರಿ ಹಾಕಿದಳು. ಟೆಂಪೋ ಹೋಯಿತು, ದೇವರು ಹೋಯಿತು, ಹಾರ ಬದಲಾಯಿಸಿದ್ದು ಹೋಯಿತು. ಕೊನೆಗೆ ಉಳಿದದ್ದು ಊಟದ ಪಂಕ್ತಿ ಮತ್ತು ಚಪ್ಪರಕ್ಕೆ ನುಗ್ಗಿದ್ದ ಒಂದು ಕರು. ಕಚೇರಿಯಿಂದ ಬಂದ ಸುರೇಶ ಶೂ ಬಿಚ್ಚುತ್ತಲೇ ಅದನ್ನು ನೋಡಿದ.

"ಮುಕುಂದ ಎಲ್ಲೇ?"

"ತಾತನ್ನ ತೆಗೆದ್ರೆ ಅಣ್ಣಾನೂ ಹೋಗ್ತಾನಪ್ಪ. ತಾತ ಅವನ ಪಕ್ಕ ಬಿಟ್ಟು ಆ ಕಡೆ ಈ ಕಡೆ ಹೋಗೇ ಇಲ್ಲ."

"ಇದು ಸರಿಯಿಲ್ಲ. ಬೇರೆ ಹುಡುಕು."

ಎರಡನೆಯದನ್ನು ಕಾಲೇಜಿನ ಗೆಳತಿ ಕೊಟ್ಟಳು. ಅದು ಟ್ರಯಲ್, ಕೆಲವು ದಿನ ಪುಕ್ಕಟೆ. ಇದರಲ್ಲಿ ಒಂದು ಚಿತ್ರ ಹೋಗಿ ಇನ್ನೊಂದು ಬರುವಾಗ ಗುಲಾಬಿ ಅರಳುತ್ತಿತ್ತು, ಹೃದಯ ಹಾರುತ್ತಿತ್ತು, ಪುಟ ಮಗುಚುತ್ತಿತ್ತು. ಕೃಷ್ಣಮ್ಮ ಒಲೆ ಮೇಲಿನ ಅವರೆಕಾಳು ಮರೆತು ಮಗಳ ಹಿಂದೆ ನಿಂತುಬಿಟ್ಟಳು. ಸೊಸೆ ಮುಖದ ಸುತ್ತ ಹೃದಯ ಹಾಕು, ಅವರಮ್ಮನಿಗೆ ಬೇಡ, ಆಕೆ ಬೀಗಿತಿ ಅನ್ನೋ ಗತ್ತಲ್ಲಿ ನನ್ನ ಮಾತಾಡಿಸ್ಲೇ ಇಲ್ಲ ಎಂದಳು. ಕಾಳು ತಳ ಹಿಡಿದ ವಾಸನೆ ಬಂದ ಮೇಲೇ ಅವಳು ಓಡಿದ್ದು. ಆದರೆ ಆ ಸಾಫ್ಟ್‌ವೇರಿನವರು ದುಡ್ಡು ಕೊಡದವರ ಮೇಲೆ ಸೇಡು ತೀರಿಸಿಕೊಂಡಿದ್ದರು. ಚಿತ್ರದ ನಟ್ಟನಡುವೆ, ಮದುಮಕ್ಕಳ ಎದೆಯ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಟ್ರಯಲ್ ಎಂದು ಬರುತ್ತಿತ್ತು. ಏನು ಮಾಡಿದರೂ ಅದು ಹೋಗುವ ಹಾಗಿರಲಿಲ್ಲ.

"ಮದುವೆಗೇ ಟ್ರಯಲ್ ಅಂತ ಬರ್ಸಿದಾರಲ್ಲೇ," ಎಂದು ಕೃಷ್ಣಮ್ಮ ನಕ್ಕಳು. ಸುರೇಶ ನಗಲಿಲ್ಲ.

ಈ ಮಧ್ಯೆ ಊರಿನಿಂದ ಮುನಿಯಲ್ಲಪ್ಪ, ಅವನ ಹೆಂಡತಿ ಮುತ್ಯಾಲಮ್ಮ ಬಂದಿಳಿದರು. ಮುನಿಯಲ್ಲಪ್ಪನ ಕಣ್ಣಿನ ಪೊರೆ ಬಲಿತಿತ್ತು, ಕೋಲಾರದಲ್ಲಿ ಆಪರೇಷನ್ ಗೊತ್ತಾಗಿತ್ತು. ಮುತ್ಯಾಲಮ್ಮನ ಚೀಲದಿಂದ ಹುರುಳಿ, ಹುಣಸೆಹಣ್ಣಿನ ಜೊತೆಗೆ ಒಣಮೀನಿನ ಪೊಟ್ಟಣ ಹೊರಬಂತು. ಕೆಳಗಿನ ಮನೆಯವರು ಮೊಟ್ಟೆಯನ್ನೂ ಮುಟ್ಟದವರು ಎಂದು ಸುರೇಶ ಅದನ್ನು ಕಸಿದು ಮೂರು ಕವರಿನೊಳಗೆ ಕಟ್ಟಿಟ್ಟ. ಅತ್ತೆ ಸೊಸೆ ಇಬ್ಬರೂ ಅವನ ಮೇಲೆ ಒಂದಾಗಿ ಮುನಿಸಿಕೊಂಡರು. ಮುದುಕಿ ಜೋರಾಗಿ ತೆಲುಗಿನಲ್ಲಿ ಮಾತಾಡಿದರೂ ಅವನು ಕಿಟಕಿ ಮುಚ್ಚುತ್ತಿದ್ದ.

"ಏಮ್ರಾ ಸುರೇಶಾ, ಮನೆ ಬಾಡಿಗೆಗೆ ತಗೊಂಡಿದೀಯೋ ಇಲ್ಲ ಬಾಯಿ ಅಡ ಇಟ್ಟಿದೀಯೋ?"

ಮುನಿಯಲ್ಲಪ್ಪ ಮಾತ್ರ ಯಾವುದಕ್ಕೂ ತಲೆ ಹಾಕಲಿಲ್ಲ. ಮೊಮ್ಮಗಳು ಕಂಪ್ಯೂಟರಿನ ಮುಂದೆ ಕೂತರೆ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂರುತ್ತಿದ್ದ. ಅವನಿಗೆ ಪರದೆ ಬರೀ ಬೆಳಕಿನ ಚೌಕ.

"ನಾನು ಬಾರ್ಸಿದ್ದು ಬಂದೈತೇನಮ್ಮಾ ಅದ್ರಾಗೆ?"

"ಬಂದಿದೆ ತಾತ."

"ಕಣ್ಣು ಬರ್ಲಿ. ಮೊದಲು ಅದೇ ನೋಡ್ತೀನಿ."

ಶ್ರೀವಾಣಿ ಸದ್ದು ಅಡಗಿಸಿ ಕೆಲಸ ಮಾಡತೊಡಗಿದಳು.

ಮೂರನೆಯ ಸಾಫ್ಟ್‌ವೇರ್ ಹುಡುಕಿಕೊಂಡು ಅವಳು ಬಸ್ ಸ್ಟ್ಯಾಂಡ್ ಹತ್ತಿರದ ಮುನಿಶಾಮಿಯ ಅಂಗಡಿಗೆ ಹೋದಳು. ಅಂಗಡಿ ಎಂದರೆ ಒಂದು ಗೂಡು. ಕ್ಯಾಸೆಟ್ಟು, ಮೊಬೈಲ್ ಕವರು, ಬೆಂಗಳೂರಿನಿಂದ ನಕಲು ಮಾಡಿಸಿ ತಂದ ಸಾಫ್ಟ್‌ವೇರ್ ಸಿಡಿಗಳು. ಮನೆಯಲ್ಲೇ ಫೋಟೋ, ವಿಡಿಯೋ ಮಾಡಿಕೊಳ್ಳುವವರಿಗೆ ಎಂದು ಅವನು ಒಂದು ರಾಶಿಯನ್ನೇ ಹರಡಿದ.

"ನಿಮಗೆ ಏನು ಮಾಡ್ಬೇಕು ಹೇಳಮ್ಮ. ಸೇರಿಸೋದಾ, ತೆಗೆಯೋದಾ?"

ಶ್ರೀವಾಣಿ ಹೇಳಿದಳು, "ತೆಗೆಯೋದು."

"ಹಾಗಾದ್ರೆ ಇವೆಲ್ಲ ಬೇಡ. ಹಾಡು ಸೇರ್ಸು, ಹೂವು ಸೇರ್ಸು, ಹೆಸರು ಸೇರ್ಸು ಅಂದ್ರೆ ಯಾವುದಾದ್ರೂ ಆಗುತ್ತೆ. ಇರೋರನ್ನ ಇಲ್ಲ ಅನ್ನಿಸ್ಬೇಕಂದ್ರೆ ದೊಡ್ಡದೇ ಬೇಕು." ಅವನು ಕೌಂಟರಿನ ಕೆಳಗಿಂದ ಇನ್ನೊಂದು ಸಿಡಿ ತೆಗೆದ. "ಯಾರು, ಹುಡುಗನ ಹಳೇ ಪ್ರೀತಿಯಾ?"

"ನಮ್ಮ ತಾತ," ಎಂದುಬಿಟ್ಟಳು ಅವಳು. ಹೇಳಿದ ಮೇಲೆ ಮುಖ ಬಿಸಿಯಾಯಿತು. ಮುನಿಶಾಮಿ ಚಿಲ್ಲರೆ ಕೊಡುವಾಗ ಅವಳ ಮುಖ ನೋಡಲಿಲ್ಲ.

ಆ ದೊಡ್ಡ ಸಾಫ್ಟ್‌ವೇರ್ ನಿಜಕ್ಕೂ ದೊಡ್ಡದು. ಚಿತ್ರವನ್ನೂ ಸದ್ದನ್ನೂ ಬೇರೆ ಬೇರೆ ಪಟ್ಟಿಯಾಗಿ ಸೀಳಿ ಇಡುತ್ತಿತ್ತು. ಅಂಚಿನಲ್ಲಿ ನಿಂತವನನ್ನು ಚೌಕಟ್ಟಿನಾಚೆಗೆ ತಳ್ಳಬಹುದು, ನಡುವೆ ನಿಂತವನ ಮೇಲೆ ಹೂವಿನ ಗೊಂಚಲು ಇಡಬಹುದು. ಮನೆಯ ಕಂಪ್ಯೂಟರಿಗೆ ಅದು ಮಾತ್ರ ಹೊರಲಾರದ ಹೊರೆ. ಎರಡು ನಿಮಿಷದ ಚಿತ್ರ ತಯಾರಾಗಲು ಕೃಷ್ಣಮ್ಮ ಅಕ್ಕಿ ಆರಿಸಿ, ತೊಳೆದು, ಅನ್ನ ಬಸಿದರೂ ಮುಗಿಯುತ್ತಿರಲಿಲ್ಲ. ಎಷ್ಟಾಯಿತೆಂದು ತೋರಿಸುವ ನೀಲಿ ಗೀರು ಕೊನೆ ಮುಟ್ಟುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗುತ್ತಿತ್ತು, ಮತ್ತೆ ಮೊದಲಿಂದ. ವಾರಗಳು ಹಾಗೇ ಕಳೆದವು, ಮುನಿಯಲ್ಲಪ್ಪನ ಆಪರೇಷನ್ನೂ ಮುಂದಕ್ಕೆ ಹೋಯಿತು. ಶಾಮಲಮ್ಮ ಕರಿಬೇವು ಕೊಡುವ ನೆಪದಲ್ಲಿ ಒಮ್ಮೆ, ಬಾಡಿಗೆ ಚೀಟಿ ಕೊಡುವ ನೆಪದಲ್ಲಿ ಒಮ್ಮೆ ಕೇಳಿದರು. ಅವರು ಮೆಟ್ಟಿಲು ಹತ್ತುವ ಸದ್ದಾದರೆ ಸುರೇಶ ಅಪ್ಪನನ್ನು ಒಳಕೋಣೆಗೆ ಕರೆದೊಯ್ಯುತ್ತಿದ್ದ. ಮುದುಕ ಕಣ್ಣು ಕಾಣದೆ ಬಾಗಿಲಿಗೆ ಹಣೆ ಬಡಿಸಿಕೊಂಡರೂ ಮಾತಾಡುತ್ತಿರಲಿಲ್ಲ.

ತಮಟೆಯ ಸದ್ದು ಎಳೆದು ಹಾಕಿದ ಜಾಗದಲ್ಲಿ ಶ್ರೀವಾಣಿ ನಾದಸ್ವರ ಕೂರಿಸಿದಳು. ಯಾವುದೋ ಛತ್ರದ ಮದುವೆಯಲ್ಲಿ ಯಾರೋ ಊದಿದ್ದು. ಅದನ್ನು ಮೊದಲ ಸಲ ಹಾಕಿ ಕೇಳಿದಾಗ ಒಳಗಿನ ಕೋಣೆಯಿಂದ ಮುನಿಯಲ್ಲಪ್ಪ ಗೋಡೆ ಹಿಡಿದುಕೊಂಡು ಬಂದ.

"ಇದ್ಯಾರ ಮದುವೆಯಮ್ಮಾ?"

ಕೃಷ್ಣಮ್ಮ ಅಡುಗೆಮನೆಗೆ ಸರಿದಳು.

"ಮುಕುಂದನ್ದೇ, ನಾಯ್ನಾ," ಎಂದ ಸುರೇಶ. "ಕೆಳಗಿನೋರಿಗೆ ತೋರಿಸ್ಬೇಕು. ಅದಕ್ಕೆ ಸ್ವಲ್ಪ ಬೇರೆ ಥರ ಮಾಡಿಸ್ತಿದೀನಿ."

"ನನ್ನ ತೆಗ್ದಿದೀಯಾ?"

"ನಿನ್ನಲ್ಲ. ತಮಟೇನ."

"ಅದನ್ನ ತೆಗೆದ ಮೇಲೆ ನಾನು ಅಲ್ಲಿ ಕೈ ಬೀಸ್ಕೊಂಡು ಏನು ಮಾಡ್ತಿದೀನಿ?"

ಸುರೇಶನ ದನಿ ಏರಿತು. ಕಿಟಕಿ ಮುಚ್ಚುವುದನ್ನೂ ಮರೆತು ಕೂಗಾಡಿದ, ಕೆಳಗಿನವರು ಆ ಹೊತ್ತು ಮನೆಯಲ್ಲಿಲ್ಲದ್ದು ಪುಣ್ಯ. ಮನೆ ಹೋದರೆ ಎಲ್ಲಿ ಹೋಗಲಿ, ಇವಳ ಪರೀಕ್ಷೆ ಎದುರಿಗಿದೆ, ಆ ತಮಟೆ ನೋಡಿದ ತಕ್ಷಣ ಅವರು ನಮ್ಮ ಜಾತಿ ಓದಿಬಿಡುತ್ತಾರೆ, ನೀನು ಬಾರಿಸಿ ಹೋದೆ, ಅನುಭವಿಸುವವನು ನಾನು ಎಂದ. ಮುನಿಯಲ್ಲಪ್ಪ ಪೂರ್ತಿ ಕೇಳಿಸಿಕೊಂಡ. ಆಮೇಲೆ ಗೋಡೆ ಹಿಡಿದುಕೊಂಡೇ ವಾಪಸ್ಸು ಹೋಗಿ ಮಲಗಿದ. ಅವನು ಆ ರಾತ್ರಿ ಊಟಕ್ಕೆ ಏಳಲಿಲ್ಲ, ಸುರೇಶನೂ ತಟ್ಟೆ ತಳ್ಳಿದ. ಮಾಡಿದ ಮುದ್ದೆ ಬೆಳಿಗ್ಗೆ ಮಜ್ಜಿಗೆಗೆ ಕಿವುಚಿದ್ದಾಯಿತು.

ಆ ಅಂಬಲಿ ಕುಡಿಯುವಾಗಲೇ ಮುತ್ಯಾಲಮ್ಮ ಮೊಮ್ಮಗಳಿಗೆ ಹೇಳಿದ್ದು. ಸುರೇಶ ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಊರಿನಲ್ಲಿ ಯಾರು ಸತ್ತರೂ, ಯಾವ ಜಾತ್ರೆಯಾದರೂ ಕರೆ ಬರುತ್ತಿತ್ತು, ಮುನಿಯಲ್ಲಪ್ಪ ಹೋಗಿ ಬಾರಿಸಬೇಕಿತ್ತು. ಎಂಜಲೆಲೆಯ ಪಕ್ಕ ಕೂರಿಸಿ ಅನ್ನ ಹಾಕುತ್ತಿದ್ದರು. ಒಂದು ದಿನ ಅವನು ತಮಟೆಯನ್ನು ಮೊಳೆಗೆ ನೇತುಹಾಕಿ, ಇನ್ನು ಯಾರು ಕರೆದರೂ ಬಾರಿಸುವುದಿಲ್ಲ ಎಂದ. ಕೇರಿಗೆ ಕೂಲಿ ನಿಂತಿತು. ಅಂಗಡಿಯಲ್ಲಿ ಉಪ್ಪು ಕೊಡಲಿಲ್ಲ. ಕೇರಿಯವರೇ ಬಂದು ಕಾಲು ಹಿಡಿದರು. ಅವನು ಇಳಿಸಲಿಲ್ಲ.

"ಆವತ್ತಿಂದ ಮೊಳೆ ಮೇಲೇ ಇತ್ತು. ಮುಕುಂದನ ಮದುವೆಗೆ ತಾನಾಗೇ ಇಳಿಸ್ದ. ಯಾರೂ ಕರೀಲಿಲ್ಲ ಅವನ್ನ. ನಮ್ಮನೆ ಚಪ್ಪರ, ನಮ್ಮನೆ ಮದುವೆ, ನಾನು ಬಾರ್ಸ್ತೀನಿ ಅಂದ." ಮುದುಕಿ ಲೋಟ ಕೆಳಗಿಟ್ಟಳು. "ನಿಮ್ಮಪ್ಪನಿಗೆ ಇದು ಗೊತ್ತಿಲ್ಲ ಅಂದ್ಕೊಂಡಿದೀಯಾ? ಆ ಉಪ್ಪಿಲ್ಲದ ಗಂಜಿ ಕುಡ್ದೋನು ಅವನೇ ಅಲ್ವಾ?"

ಕಾಲೇಜಿನಿಂದ ಬಂದು ಶ್ರೀವಾಣಿ ಕಂಪ್ಯೂಟರ್ ಹಚ್ಚಿದಳು. ಅಜ್ಜಿಯ ಮಾತು ತಲೆಯಲ್ಲಿತ್ತು. ಅಪ್ಪನ ಮಾತೂ ಇತ್ತು. ಜಾತಿ ತಿಳಿದು ಹಿಂದಿನ ಮನೆ ಬಿಡಿಸಿದಾಗ ಪುಸ್ತಕಗಳನ್ನು ಆಟೋದಲ್ಲಿ ಹೇರಿಕೊಂಡು ಬೀದಿ ಬೀದಿ ತಿರುಗಿದ್ದು ಅವಳಿಗೆ ಮರೆತಿರಲಿಲ್ಲ. ಕಂಪ್ಯೂಟರ್ ತಂದ ದಿನವೇ ಅದರ ರಟ್ಟಿನ ಡಬ್ಬಗಳನ್ನು ಕೃಷ್ಣಮ್ಮ ಅಟ್ಟದ ಮೇಲೆ ಎತ್ತಿಟ್ಟಿದ್ದಳು. ನಮ್ಮಂಥೋರು ಡಬ್ಬ ಎಸೀಬಾರ್ದು, ಯಾವಾಗ ಗಂಟುಮೂಟೆ ಕಟ್ಬೇಕಾಗುತ್ತೋ ಎಂದಿದ್ದಳು. ಶ್ರೀವಾಣಿ ತಾತನ ಮುಖದ ಮೇಲೆ ಸೇವಂತಿಗೆಯ ಗೊಂಚಲು ಎಳೆದಿಟ್ಟು, ಗಾತ್ರ ಸರಿಮಾಡಿದಳು. ಅಳಿಸದ ಮೂಲ ಚಿತ್ರವನ್ನೂ ತಮಟೆಯ ಸಮೇತ ಅಪ್ಪನೆದುರೇ ಇನ್ನೊಂದು ಸಿಡಿಗೆ ಇಳಿಸಿಟ್ಟುಕೊಂಡಳು. ತಾತನಿಗೆ ಕಣ್ಣು ಬಂದಾಗ ಬೇಕಲ್ಲ.

ಒಂದು ಕಡೆ ಅವಳ ಕೈ ನಿಂತಿತು. ದಿಬ್ಬಣದಲ್ಲಿ ಅಪ್ಪ ಟವೆಲ್ಲನ್ನು ನಡುವಿಗೆ ಬಿಗಿದುಕೊಂಡು, ಕಣ್ಣು ಮುಚ್ಚಿಕೊಂಡು ಕುಣಿಯುತ್ತಿದ್ದ. ಪಕ್ಕದಲ್ಲಿ ಅಮ್ಮ ಸೆರಗು ಸಿಕ್ಕಿಸಿಕೊಂಡು ನಗುತ್ತ ಭುಜ ಕುಣಿಸುತ್ತಿದ್ದಳು. ಅಮ್ಮ ಹಾಗೆ ನಕ್ಕದ್ದನ್ನು ಈ ಮಹಡಿ ಮನೆಯಲ್ಲಿ ಅವಳು ನೋಡಿಯೇ ಇರಲಿಲ್ಲ.

"ಇದನ್ನ ಏನು ಮಾಡ್ಲಪ್ಪ?"

ಸುರೇಶ ಬಗ್ಗಿ ನೋಡಿದ. ತುಸು ಹೊತ್ತು ನೋಡುತ್ತಲೇ ಇದ್ದ. "ಇರ್ಲಿ. ಹುಡುಗನ ಅಪ್ಪ ಅಮ್ಮ ಕಾಣಿಸ್ಬೇಡ್ವಾ?"

ಸಿಡಿ ಕೊನೆಗೂ ತಯಾರಾಯಿತು. ಕಣ್ಣು ಕಾಣದ ಮುನಿಯಲ್ಲಪ್ಪನನ್ನು ಬಿಟ್ಟು ನಾಲ್ವರೂ ಕೂತು ಮೊದಲಿನಿಂದ ಕೊನೆಯವರೆಗೆ ನೋಡಿದರು. ತಾತನಿಲ್ಲ, ತಮಟೆಯಿಲ್ಲ. ಎಲ್ಲೂ ಕಣ್ಣಿಗೆ ಚುಚ್ಚುವಂಥದ್ದೇನೂ ಅವರಿಗೆ ಕಾಣಲಿಲ್ಲ. ಮುತ್ಯಾಲಮ್ಮ ಕೂಡ ತಪ್ಪು ಹುಡುಕಲಾರದೆ ಎದ್ದು ಹೋದಳು. ಚೆನ್ನಾಗಿದೆ ಎಂದ ಸುರೇಶ. ಬಹಳ ದಿನದ ಮೇಲೆ ಅವನು ಎರಡನೆಯ ಮುದ್ದೆ ಹಾಕಿಸಿಕೊಂಡ.

ಮುನಿಯಲ್ಲಪ್ಪನ ಆಪರೇಷನ್ ಆಗಿ, ಕಟ್ಟು ಬಿಚ್ಚಿ, ಹಸಿರು ಬಟ್ಟೆಯ ಮರೆ ಇಳಿಬಿಟ್ಟಿದ್ದ ವಾರ ಅದು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಸುರೇಶ, ಕೃಷ್ಣಮ್ಮ, ಶ್ರೀವಾಣಿ ಸಿಡಿ ಹಿಡಿದು ಕೆಳಗೆ ಹೋದರು. ಮುದುಕರಿಬ್ಬರಿಗೂ ಮೇಲೇ ಇರಲು ಹೇಳಿದ್ದಾಯಿತು. ಬೆಳಕು ತಾಗಬಾರದು ಎಂಬುದು ಕಾರಣ. ಕೆಳಗಿನ ಹಾಲಿನಲ್ಲಿ ಸುಬ್ಬರಾಯಪ್ಪ ಆರಾಮ ಕುರ್ಚಿಯಲ್ಲಿ, ಶಾಮಲಮ್ಮ ಬೆತ್ತದ ಕುರ್ಚಿಯಲ್ಲಿ. ರಜೆಗೆ ಬಂದಿದ್ದ ಮಗಳು, ಅಳಿಯ ಸೋಫಾದಲ್ಲಿ. ಇವರಿಗೆ ಪ್ಲಾಸ್ಟಿಕ್ ಸ್ಟೂಲು. ಕೃಷ್ಣಮ್ಮ ನೆಲವೇ ಸರಿ ಎಂದು ಕೂತಳು.

ಮೊದಮೊದಲು ಎಲ್ಲ ಸರಾಗ. ಸೊಸೆ ಲಕ್ಷಣವಾಗಿದ್ದಾಳೆ ಎಂದರು ಶಾಮಲಮ್ಮ. ಹೂವಿನ ಅಲಂಕಾರ ಸ್ವಲ್ಪ ಜಾಸ್ತಿಯಾಯ್ತು, ಎಲ್ಲಿ ನೋಡಿದರೂ ಸೇವಂತಿಗೆ ಎಂದರು. ಸುರೇಶ ಕರ್ಚೀಫಿನಿಂದ ಕತ್ತು ಒರೆಸಿಕೊಂಡ.

ಆಮೇಲೆ ದಿಬ್ಬಣ ಬಂತು. ನಾದಸ್ವರ ನಿಧಾನಕ್ಕೆ ರಾಗ ಎಳೆಯುತ್ತಿತ್ತು. ಪರದೆಯ ಮೇಲೆ ಸುರೇಶ ನೆಲ ಒದೆಯುತ್ತಿದ್ದ. ಕೇರಿಯ ಹೆಂಗಸರು ಸೊಂಟ ಬಗ್ಗಿಸಿ ಕೈ ಬೀಸುತ್ತಿದ್ದರು. ಗಂಡಸರು ನೆಗೆದು ಕೂತು ಮತ್ತೆ ನೆಗೆಯುತ್ತಿದ್ದರು. ಮೊದಲು ಕಿಸಕ್ಕೆಂದವನು ಅಳಿಯ.

"ಇದೇನು ಮಾವ, ಕರೆಂಟ್ ಹೊಡೆದಂಗೆ ಆಡ್ತಿದಾರೆ."

ಶ್ರೀವಾಣಿಗೆ ಆಗ ಕಂಡಿತು. ಮನೆಯಲ್ಲಿ ಅಷ್ಟು ಸಲ ನೋಡಿದರೂ ಕಾಣದ್ದು ಈ ಹಾಲಿನಲ್ಲಿ, ಈ ಜನರ ನಡುವೆ ಕಂಡಿತು. ಸದ್ದನ್ನು ತೆಗೆದಿದ್ದಳು, ಮೈಗಳನ್ನು ತೆಗೆದಿರಲಿಲ್ಲ. ಒಂದೊಂದು ಕಾಲೂ ತಮಟೆಯ ಪೆಟ್ಟಿಗೇ ಬೀಳುತ್ತಿತ್ತು. ಮೇಲೆ ಕೂತು ನೋಡಿದವರಿಗೆಲ್ಲ ಆ ಪೆಟ್ಟು ಒಳಗೇ ಇತ್ತು, ಹೊರಗೆ ಯಾವ ರಾಗ ಊದಿದರೂ ಅವರಿಗೆ ಕುಣಿತ ಸರಿಯಾಗೇ ಕಂಡಿತ್ತು. ಇಲ್ಲಿ ಕೂತವರಿಗೆ ಅದು ಹುಚ್ಚರ ಗುಂಪು.

"ಅದೊಂಚೂರು ಹಿಂದಕ್ಕೆ ಹಾಕಿ," ಎಂದರು ಸುಬ್ಬರಾಯಪ್ಪ. ನಗು ತಡೆದು ಅವರ ಹೊಟ್ಟೆ ಅಲುಗುತ್ತಿತ್ತು. ಹಿಂದಕ್ಕೆ ಹೋಗಿ ಮತ್ತೆ ಬಂತು. "ಏನ್ರೀ ಸುರೇಶ್, ಯಾವ ತಾಳಕ್ಕೆ ಕುಣೀತಿದೀರಿ ನೀವು?" ಮೂರನೆಯ ಸಲಕ್ಕೆ ಮಗಳು ಸೋಫಾದ ಮೇಲೆ ಬಿದ್ದು ನಕ್ಕಳು. ಶಾಮಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು, "ಪಾಪ, ಕೃಷ್ಣಮ್ಮನ್ನ ನೋಡಿ, ಮೈಮೇಲೆ ಇರುವೆ ಹತ್ತಿದೆಯೇನೋ," ಎಂದರು. ಅವರ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತಮ್ಮವರೇ ಎಂದು ತಿಳಿದು ತಮಾಷೆ ಮಾಡುತ್ತಿದ್ದರು.

ಕೃಷ್ಣಮ್ಮ ತಲೆ ತಗ್ಗಿಸಿದಳು. ಶ್ರೀವಾಣಿ ಅಪ್ಪನ ಕಡೆ ನೋಡಿದಳು. ಅಪ್ಪನ ಮುಖ ಕಪ್ಪಿಟ್ಟಿತ್ತು, ಕೈ ಮೊಣಕಾಲಿನ ಮೇಲೆ ನಿಂತುಹೋಗಿತ್ತು. ಸ್ಟೂಲಿನ ಕೆಳಗೆ ಅವನ ಹಿಮ್ಮಡಿ ಮಾತ್ರ ಸಣ್ಣಗೆ ನೆಲ ಕುಟ್ಟುತ್ತಿತ್ತು. ಪರದೆಯ ಕಾಲಿಗೆ ಅದು ಸರಿಯಾಗಿ ಕೂಡುತ್ತಿತ್ತು.

"ಶ್ರೀವಾಣೀ," ಎಂದ ಸುರೇಶ. "ಇದನ್ನ ತಗಿ. ಮೇಲಿಟ್ಟಿರೋ ಇನ್ನೊಂದು ಸಿಡಿ ತಗೊಂಡ್ ಬಾ."

"ಅಪ್ಪಾ?"

"ತಗೊಂಡ್ ಬಾ ಅಂದೆ."

ಅವಳು ಮೆಟ್ಟಿಲುಗಳನ್ನು ಓಡಿ ಹತ್ತಿದಳು. ತಾತ ಗೋಡೆಗೊರಗಿ ಕೂತಿದ್ದ, ಕೆಳಗಿನ ನಗು ಅವನಿಗೂ ಕೇಳಿಸಿತ್ತು. ಸಿಡಿ ಎತ್ತಿಕೊಂಡವಳು ಬಾಗಿಲಲ್ಲಿ ನಿಂತು, ತಾತ ನೀನೂ ಬಾ, ಅಜ್ಜೀ ನೀನೂ ಬಾ ಎಂದಳು.

"ಮೇಲೇ ಇರು ಅಂದ್ನಲ್ಲಮ್ಮ ನಿಮ್ಮಪ್ಪ."

"ಅಪ್ಪಾನೇ ಕರೀತಿದಾನೆ," ಎಂದು ಸುಳ್ಳು ಹೇಳಿ ಅವನ ಕೈ ಹಿಡಿದಳು.

ಅವರು ಹಾಲಿನ ಬಾಗಿಲಿಗೆ ಬರುವಷ್ಟರಲ್ಲಿ ನಗು ತಗ್ಗಿತ್ತು. ಶ್ರೀವಾಣಿ ಸಿಡಿ ಹಾಕಿದಳು. ಮೊದಲು ಹುಲ್ಲಿನ ಬೆಂಕಿ ಕಾಣಿಸಿತು. ಆಮೇಲೆ ಬೆಂಕಿಯ ಮುಂದೆ ಹಿಡಿದ ತಮಟೆ, ಅದನ್ನು ಹಿಡಿದ ಕೈ, ಕೆಂಪಂಚಿನ ರುಮಾಲು. ಮೊದಲ ಪೆಟ್ಟು ಬಿದ್ದಾಗ ಷೋಕೇಸಿನ ಗಾಜು ಕಟಕಟ ಎಂದಿತು. ದಿಬ್ಬಣ ಬಂತು. ಅದೇ ಸುರೇಶ, ಅದೇ ಹೆಂಗಸರು, ಅದೇ ನೆಗೆತ. ಹಾಲಿನಲ್ಲಿ ಯಾರಿಗೂ ನಗು ಬರಲಿಲ್ಲ.

"ಇದು..." ಎಂದರು ಸುಬ್ಬರಾಯಪ್ಪ. ಪರದೆಯ ಮುದುಕನನ್ನೂ ಬಾಗಿಲ ಮುದುಕನನ್ನೂ ನೋಡಿದರು.

"ನಮ್ಮಪ್ಪ ಸಾರ್. ಮುನಿಯಲ್ಲಪ್ಪ ಅಂತ," ಎಂದ ಸುರೇಶ. ಈ ಸಲ ಅವನಿಗೆ ಕೆಮ್ಮು ಬರಲಿಲ್ಲ. "ಯಾವ ತಾಳಕ್ಕೆ ಅಂತ ಕೇಳಿದ್ರಲ್ಲ, ಇದಕ್ಕೆ."

ಶಾಮಲಮ್ಮ ಕುರ್ಚಿಯಿಂದ ಎದ್ದರು. ಹಾಲು ಒಲೆ ಮೇಲಿಟ್ಟಿದ್ದೆ ಎಂದು ಯಾರಿಗೂ ಅಲ್ಲದೆ ಹೇಳಿ ಒಳಗೆ ಹೋದರು. ಮಗಳು ಅವರ ಹಿಂದೆಯೇ ಹೋದಳು. ಬೆತ್ತದ ಕುರ್ಚಿ ಖಾಲಿಯಾಯಿತು. ಸುರೇಶ ಬಾಗಿಲಿಗೆ ಹೋಗಿ ಅಪ್ಪನ ತೋಳು ಹಿಡಿದು ಕರೆತಂದು ಆ ಕುರ್ಚಿಯ ಮುಂದೆ ನಿಲ್ಲಿಸಿದ.

"ಕೂತ್ಕೋ ನಾಯ್ನಾ."

ಮುನಿಯಲ್ಲಪ್ಪ ಕುರ್ಚಿಯ ಕೈಯನ್ನು ತಡವಿ, ಮೆಲ್ಲಗೆ ಕೂತು, ಹಸಿರು ಬಟ್ಟೆಯನ್ನು ಹಣೆಯ ಮೇಲಕ್ಕೆ ಮಡಚಿದ. ಹೊಸ ಕಣ್ಣಿನಲ್ಲಿ ನೀರು ಸುರಿಯುತ್ತಿತ್ತು, ಅದು ಔಷಧಿಯದೋ ಏನೋ. ಮುತ್ಯಾಲಮ್ಮ ಸೊಸೆಯ ಪಕ್ಕ ನೆಲದ ಮೇಲೆ ಕಾಲು ಚಾಚಿದಳು. ಸುಬ್ಬರಾಯಪ್ಪ ರಿಮೋಟ್ ಎತ್ತಿಕೊಂಡು, ಅಕ್ಕಪಕ್ಕದವರಿಗೆ ಕೇಳಿಸುತ್ತೆ ಎಂದು ಗೊಣಗಿ ಸದ್ದು ಇಳಿಸಿದರು.

"ಕಮ್ಮಿ ಆಯ್ತಲ್ಲ," ಎಂದ ಮುನಿಯಲ್ಲಪ್ಪ.

ಸುರೇಶ ಎದ್ದು ಟಿ.ವಿ. ಹತ್ತಿರ ಹೋಗಿ ಗುಂಡಿ ಒತ್ತಿದ. ಒತ್ತಿದ ಬೆರಳನ್ನು ತೆಗೆಯಲಿಲ್ಲ. ತಮಟೆ ಮನೆ ತುಂಬಿ, ಕಿಟಕಿ ದಾಟಿ, ಬಡಾವಣೆಯ ಬೀದಿಗೆ ಇಳಿಯಿತು. ಅಡುಗೆಮನೆಯಲ್ಲಿ ಒಲೆ ಹಚ್ಚಿದ ಸದ್ದೂ ಇರಲಿಲ್ಲ, ಹಾಲಿನ ಪಾತ್ರೆಯ ಸದ್ದೂ ಇರಲಿಲ್ಲ.

ಕೃಷ್ಣಮ್ಮ ಮಗಳ ಕಡೆ ವಾಲಿದಳು. ಕಣ್ಣು ಪರದೆಯ ಮೇಲೇ ಇತ್ತು, ಅಲ್ಲಿ ಅವಳು ಸೆರಗು ಸಿಕ್ಕಿಸಿ ನಗುತ್ತಿದ್ದಳು. ಇಲ್ಲಿ ನೆಲದ ಮೇಲೆ ಕೂತವಳ ಭುಜವೂ ಆಗಲೇ ಅಲುಗಲು ಹತ್ತಿತ್ತು.

"ಆ ಕಂಪ್ಯೂಟರ್ ಡಬ್ಬಗಳು ಅಟ್ಟದ ಮೇಲೇ ಇದಾವಲ್ವೇನೇ?" ಎಂದು ಕೇಳಿದಳು.